ಮೀಸೆ ಮಹಾರಾಜನ ಸನ್ಮಾನ

ಕಿಟಕಿ ಇಲ್ಲ, ಗಾಳಿ ಇಲ್ಲ. ಮೇಲೆ ಕಾದ ತಗಡು, ಕೆಳಗೆ ನಾಕು ಒಲೆ. ಅರಸೀಕೆರೆ ಕೊಬ್ಬರಿ ಮಂಡಿ ಹಿಂದ್ಲ ಗೋಡೌನಲ್ಲಿ ಕೆಂಪಲಕ್ಷ್ಮಮ್ಮ ಬೇಯಿಸೋಳು, ಜೊತೆಗೆ ತಾನೂ ಬೇಯೋಳು. ಅಲ್ಲಿ ಕೂತು ಉಣ್ಣಂಗಿಲ್ಲ. ಜನ ಫೋನಲ್ಲಿ ಆರ್ಡರ್ ಒತ್ತೋರು, ನಾನು ಬೈಕಲ್ಲಿ ಹೊತ್ಕೊಂಡು ಹೋಗ್ತಿದ್ದೆ.

ಅಡುಗೆಮನೆ ಒಂದೇ, ಫೋನಲ್ಲಿ ಮಾತ್ರ ಒಂಬತ್ತು ಹೋಟ್ಲು. ಒಂದೇ ಹಂಡೆ ಬಸ್ಸಾರು. 'ಅವ್ವನ ಕೈರುಚಿ' ಹೋಟ್ಲಲ್ಲಿ ಅದು ಬಸ್ಸಾರು, 'ಮೀಸೆ ಮಹಾರಾಜ' ಹೋಟ್ಲಲ್ಲಿ ರಾಜಭೋಗ ಕರಿ. ಅದರ ಒಗ್ಗರಣೆ ಘಾಟು ಎಂಗಿತ್ತು ಅಂದ್ರೆ, ಒಂದ್ಸಲ ಜಂಕ್ಷನ್ನಲ್ಲಿ ನಿಂತಿದ್ದ ರೈಲು ಸೀನಿದ ಏಟಿಗೆ ಕಡೂರುಗಂಟ ಹಿಂದಕ್ಕೆ ಹೋಯ್ತು. ನಂಬದಿದ್ರೆ ಕಡೂರೋರ್ನ ಕೇಳ್ರಿ.

ಮಹಾರಾಜ ಅಂದ್ರೆ ಓನರ್ ರಾಜಶೇಖರಪ್ಪ ಎಲ್ಲಿಂದ್ಲೋ ತಂದು ಹಾಕಿದ್ದ ಫೋಟೋ. ಬಿಳಿ ಟೋಪಿ, ಹುರಿ ಮೀಸೆ. ಅಂಥ ಮನುಷ್ಯನೇ ಅಲ್ಲಿರಲಿಲ್ಲ. ಆದ್ರೆ ಜನ ಅವನಿಗೆ ಐದೈದು ಸ್ಟಾರ್ ಕೊಡೋರು, ಅವ್ವನ ಹೋಟ್ಲಿಗೆ ಮೂರೇ. ನೋಡ್ತಾ ನೋಡ್ತಾ ಓನರ್ರೇ ಅವನನ್ನ ನಂಬಿಬಿಟ್ರು. ಕೆಂಪಲಕ್ಷ್ಮಮ್ಮನ್ನ ಬೈಯುವಾಗೆಲ್ಲ, ಆ ಯಪ್ಪನ್ನ ನೋಡಿ ಕಲಿ ಅನ್ನೋರು.

ಶುಕ್ರವಾರ ಪೂಜೆ ಮಾಡಿ, ಫೋಟೋಗೆ ಸನ್ಮಾನ ಇಟ್ಕೊಂಡ್ರು. ಪೇಟ ಇಕ್ಕಿದ್ರು, ಶಾಲು ಹೊದಿಸಿದ್ರು, ಹಣ್ಣಿನ ಬುಟ್ಟಿ ಇಟ್ರು. ನಾನು, ಪಾತ್ರೆ ತೊಳೆಯೋ ಗಿಡ್ಡಮ್ಮ ಚಪ್ಪಾಳೆ ಹೊಡೀಬೇಕಂತೆ. ಹೊಡುದ್ವಿ. ಆಮೇಲೆ ಕೆಂಪಲಕ್ಷ್ಮಮ್ಮನ ಕಡೆ ತಿರುಗಿ, ಅವ್ವನ ಹೋಟ್ಲು ಮುಚ್ತೀನಿ, ನಾಳೆಯಿಂದ ನೀನು ಬರಬ್ಯಾಡ ಅಂದ್ರು.

ಕಣಕಟ್ಟೆಯಿಂದ ಬಸ್ಸಲ್ಲಿ ಬರೋಳು ಪಾಪ. ಇಲ್ಲಿ ಒಲೆ ಆರಿದ್ರೆ ಅವಳ ಮನೇದೂ ಆರ್ತಿತ್ತು.

"ಎಲ್ಡಕ್ಕೂ ನಾನೇ ಅಲ್ವ ಸಾವ್ಕಾರ್ರೆ ಮಾಡೋದು?"

"ವಾದ ಮಾಡಬ್ಯಾಡ. ಅವರಿಗೆ ಐದು ಸ್ಟಾರ್ ಬಂದೈತೆ."

ಅಷ್ಟ್ರಲ್ಲಿ ಮಹಾರಾಜಂಗೆ ಆರ್ಡರ್ ಬಂತು. ಕೆಂಪಲಕ್ಷ್ಮಮ್ಮ ಸೌಟು ತೊಳೆದು ಫೋಟೋ ಮುಂದೆ ಇಟ್ಲು.

"ತಗಳಪ್ಪ, ನೀನೇ ಬೇಯಿಸು."

ಹೋಗಿ ಹೊಸ್ಲು ಮೇಲೆ ಕೂತ್ಲು. ಶುಕ್ರವಾರ ಹೊಸ್ಲು ಮೇಲೆ ಕೂತ್ರೆ ಲಕ್ಷ್ಮಿ ಒಳಕ್ಕೆ ಬರಲ್ಲ, ಏಳು ತಾಯಿ ಅಂತ ಓನರ್ ಕೈ ಮುಗಿದ್ರು. ಗಿಡ್ಡಮ್ಮನೂ ಪಕ್ಕದಲ್ಲಿ ಕೂತ್ಲು. ಬೈಕಿನ ಕೀಲಿ ಜೇಬಿಗೆ ಹಾಕ್ಕೊಂಡು ನಾನೂ ಕೂತೆ.

ಫೋನು ಬಡ್ಕೊಂತಾನೇ ಇತ್ತು. ಓನರ್ ಫೋಟೋ ಹತ್ರ ಹೋಗಿ ಮೆಲ್ಲಗೆ ಅಂದ್ರು:

"ಸಾರ್, ಒಂದೇ ಒಂದು ಪ್ಲೇಟು."

ಮಹಾರಾಜ ಮೀಸೆನೂ ಅಲ್ಲಾಡಿಸ್ಲಿಲ್ಲ. ಹೊತ್ತು ಮುಳುಗೋದ್ರೊಳಗೆ ಒಂಬತ್ತು ಹೋಟ್ಲೂ ಮುಚ್ಚಿದ್ವು. ಸುದ್ದಿ ಕೇಳಿ ಮಂಡಿ ಹಮಾಲ್ರು ಬಂದ್ರು. ಅವರೂ ಕೂತ್ರು. ಎಲ್ಡು ಮೊಳದ ಹೊಸ್ಲು ಕಣ್ರೀ ಅದು. ಜನ ಬಂದಂಗೆಲ್ಲ ಉದ್ದ ಆಗ್ತಾನೇ ಹೋಯ್ತು.