ವಿಗ್ ಅಂಗಡಿಯ ವೆಬ್‌ಸೈಟ್

ವಿಗ್ ಕಟ್ಟುವುದು ಅವಳ ಕಸುಬು. ತೆಳ್ಳನೆಯ ಬಲೆಗೆ ಕೊಕ್ಕೆಸೂಜಿಯಿಂದ ಒಂದೊಂದೇ ಎಳೆ ಕೂದಲು ಗಂಟು ಹಾಕುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಕೂದಲು ಬಾಚಿ ಬೇರ್ಪಡಿಸಿ ಕೊಡುವ ಕೆಲಸ ಅತ್ತೆಯದು. ಬರುವವರಲ್ಲಿ ಹೆಚ್ಚಿನವರು ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲು ಕಳೆದುಕೊಂಡ ಹೆಂಗಸರು. ಯಾರನ್ನೂ ಬಾಯಿಬಿಟ್ಟು ಕೇಳಲಾರದೆ, ಅಂಗಡಿಯ ವೆಬ್‌ಸೈಟ್ ಹುಡುಕಿ, ಅಲ್ಲೇ ನಾಲ್ಕು ಸಾಲು ಬರೆದು ಕಳಿಸುತ್ತಿದ್ದರು.

ಒಂದು ಬೆಳಗ್ಗೆ ನೋಡಿದರೆ ಆ ವೆಬ್‌ಸೈಟೇ ಇಲ್ಲ. ಅದನ್ನು ಮಾಡಿಕೊಟ್ಟಿದ್ದ ಮೈದುನನಿಗೆ ಫೋನ್ ಮಾಡಿದಳು.

“ಹೋಸ್ಟಿಂಗ್ ಕಂಪನಿ ಬಾಗಿಲು ಹಾಕ್ಕೊಂಡಿದೆ ಅತ್ತಿಗೆ. ಪುಟಗಳೂ ಅದರ ಜೊತೆಗೇ ಹೋದ್ವು. ಡೊಮೇನ್ ಒಂದು ಉಳಿದಿದೆ. ಸರ್ವರ್, ಡಿಎನ್‌ಎಸ್ ಅಂತ ನೂರೆಂಟು ತಾಪತ್ರಯ, ನಿಮಗೆ ತಲೆಬುಡ ಅರ್ಥ ಆಗಲ್ಲ. ಬಿಡುವಾದಾಗ ನಾನೇ ನೋಡ್ತೀನಿ.”

“ತಲೆ ನನ್ನ ಕಸುಬೇ ಕಣಪ್ಪ. ಬುಡ ಎಲ್ಲಿದೆ ಅಂತ ಮಾತ್ರ ಹೇಳು.”

ಅವನು ನಕ್ಕು ಡೊಮೇನಿನ ಪಾಸ್‌ವರ್ಡ್ ಕಳಿಸಿದ. ಅವನಿಗೆ ಬಿಡುವಾಗುವಷ್ಟರಲ್ಲಿ ಆ ಹೆಂಗಸರಿಗೆಲ್ಲ ಹೊಸ ಕೂದಲೇ ಬೆಳೆದುಬಿಟ್ಟೀತು ಎಂಬುದು ಅವಳಿಗೆ ಗೊತ್ತಿತ್ತು.

ಸೂಜಿ ಬದಿಗಿಟ್ಟು ಹಳೆಯ ಲ್ಯಾಪ್‌ಟಾಪ್ ಮುಂದೆ ಕೂತಳು. ಗೊತ್ತಿಲ್ಲದ ಪದ ಬಂದಾಗಲೆಲ್ಲ ನಿಂತು ಅರ್ಥ ಹುಡುಕಿದಳು. ಅರ್ಥದೊಳಗೆ ಇನ್ನೆರಡು ಹೊಸ ಪದ. ತಲೆ ಚಿಟ್ಟುಹಿಡಿಯಿತು, ಏಳಲಿಲ್ಲ. ತನಗೆ ತಿಳಿದಿದೆಯೋ ಇಲ್ಲವೋ ಎಂದು ಅತ್ತೆಗೆ ಹೇಳಿ ನೋಡುತ್ತಿದ್ದಳು.

“ಡೊಮೇನ್ ಅಂದ್ರೆ ನಮ್ಮ ಹೆಸರು ಅತ್ತೆ. ಹೋಸ್ಟಿಂಗ್ ಅಂದ್ರೆ ಪುಟ ಇಡೋಕೆ ಬೇರೆಯವರ ಕಂಪ್ಯೂಟರಲ್ಲಿ ಬಾಡಿಗೆ ಜಾಗ. ಸದಾ ಚಾಲೂ ಇರೋ ಆ ಕಂಪ್ಯೂಟರೇ ಸರ್ವರ್.”

“ಹೆಸರು ನಮ್ದೇ ತಾನೆ? ಬೇರೆ ಕಡೆ ಬಾಡಿಗೆ ಹಿಡಿ.”

“ಹಿಡಿದೆ. ಪುಟಾನೂ ಹೊಸದಾಗಿ ಬರೆದು ಹಾಕ್ದೆ. ಆದ್ರೂ ತೆರ್ಕೊಳ್ತಿಲ್ಲ.”

“ಆ ಡಿ ಅಂತ ಏನೋ ಅಂತಿದ್ದೆಯಲ್ಲ, ಅದು?”

“ನಿಮ್ಮ ಫೋನಲ್ಲಿ ನನ್ನ ಹೆಸರು ಒತ್ತಿದ್ರೆ ಅದೇ ನಂಬರ್ ಹುಡುಕ್ಕೊಳ್ಳುತ್ತಲ್ಲ, ಡಿಎನ್‌ಎಸ್‌ದೂ ಅದೇ ಕೆಲಸ. ಹೆಸರು ಕೊಟ್ರೆ ಸರ್ವರಿನ ನಂಬರ್…”

ಮಾತು ಅಲ್ಲೇ ನಿಂತಿತು. ಸರ್ವರ್ ಬದಲಾಗಿತ್ತು, ಡಿಎನ್‌ಎಸ್‌ನಲ್ಲಿ ಮಾತ್ರ ಹಳೆಯ ನಂಬರೇ ಕೂತಿತ್ತು! ಐಪಿ ವಿಳಾಸ ಎನ್ನುವ ಆ ಅಂಕಿಗಳನ್ನು ಅಳಿಸಿ, ಹೊಸದನ್ನು ಒಂದೊಂದಾಗಿ ಒತ್ತಿದಳು. ಬದಲಾವಣೆ ಎಲ್ಲೆಡೆ ತಲುಪಲು ಹೊತ್ತು ಹಿಡಿಯಿತು. ಮರುದಿನ ಪುಟ ತೆರೆದುಕೊಂಡಿತು.

ಅತ್ತೆ ಬಾಚಣಿಗೆ ಹಿಡಿದೇ ಎದ್ದು ಬಂದರು. “ಬಂತಲ್ಲೇ! ಎಲ್ಲರಿಗೂ ಹೇಳಿಬಿಡು.”

“ಈಗಲೇ ಬೇಡ.” ವಿಳಾಸದ ಪಕ್ಕದಲ್ಲಿ ‘ಸುರಕ್ಷಿತವಲ್ಲ’ ಎಂದಿತ್ತು. “ಇದಕ್ಕೆ ಎಸ್‌ಎಸ್‌ಎಲ್ ಅಂತ ಒಂದು ಬೀಗ ಹಾಕ್ಬೇಕು. ಅದಿಲ್ದೆ ಇದ್ರೆ ಅವರು ಬರೆದು ಕಳಿಸಿದ್ದನ್ನ ದಾರೀಲಿ ಯಾರು ಬೇಕಾದ್ರೂ ಓದಬಹುದು. ಮನೆಯವರಿಗೂ ಹೇಳದೆ ನಮಗೆ ಹೇಳ್ಕೊಳ್ಳೋರು ಅವರು.”

ಮತ್ತೆ ಕೂತಳು. ಎರಡು ಸಲ ತಪ್ಪಿತು. ಮೂರನೆಯ ಸಲ ‘ಸುರಕ್ಷಿತವಲ್ಲ’ ಎಂಬ ಮಾತು ಅಳಿಸಿಹೋಯಿತು. ಆಮೇಲೆಯೇ ಚಹಾ ಕುಡಿದಳು.

ಅದೇ ವಾರ ಶಾಲೆಯ ಟೀಚರೊಬ್ಬರು ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಬಂದು ಬಾಗಿಲಲ್ಲೇ ನಿಂತರು. “ದಿನಾ ಹುಡುಕ್ತಿದ್ದೆ. ಮುಚ್ಚಿಬಿಟ್ರೇನೋ ಅಂತ ಎದೆ ಧಸಕ್ ಅಂದಿತ್ತು.”

“ಮುಚ್ಚೋ ಮಾತೇ ಇಲ್ಲ. ಬನ್ನಿ ಅಕ್ಕ, ಒಳಗೆ ಬನ್ನಿ.”

ಅತ್ತೆ ಪರದೆ ಎಳೆದರು. ಅವಳು ಅಳತೆಯ ಟೇಪು ಕೈಗೆತ್ತಿಕೊಂಡು, ಸ್ಕಾರ್ಫಿನ ಗಂಟನ್ನು ಮೆಲ್ಲಗೆ ಬಿಚ್ಚಿದಳು.