ಚಪ್ಪಲಿ ಬಿಟ್ಟು ಹತ್ತುವ ದೋಣಿ

"ಕೆಂಪು ಇನ್ನೂ ಉಂಟಲ್ಲ, ಬೇವರ್ಸಿ! ಕಣ್ಣಿಗೆ ಎಂತ ಹೊಯ್ಗೆ ಬಿದ್ದಿದ್ಯಾ?"

ಸೂಪರ್‌ವೈಸರ್ ಗೌರವ್ ಬೂಟಿನ ತುದಿಯಿಂದ ಹಲಗೆಯನ್ನು ಒತ್ತಿ ತೋರಿಸಿದ. ಉಜ್ಜುತ್ತಿದ್ದ ಪೂವಪ್ಪನ ಕೈ ನಿಂತಿತು. ಅದು ಕುಂಕುಮ. ಹಲಗೆ ದೋಣಿಯ ಮೂತಿಯದು. ಪ್ರತಿ ವರ್ಷ ಮಳೆಗಾಲ ಮುಗಿದು ಕಡಲಿಗಿಳಿಯುವ ಮುಂಚೆ ಅಪ್ಪ, ಆಮೇಲೆ ಅವನು ಹಚ್ಚುತ್ತ ಬಂದದ್ದು ಮರದೊಳಕ್ಕೇ ಇಳಿದಿತ್ತು.

"ಸರ್, ಇದು ನನ್ನ ದೋಣಿ."

"ಆಗಿತ್ತು. ಈಗ ಮ್ಯೂಸಿಯಂದು. ತಿಕ್ಕು."

ದೋಣಿ ಕೊಟ್ಟ ಮೇಲೆ ಕೂಲಿಗೆ ಸೇರಿದ ಪೂವಪ್ಪನಿಗೆ ಮ್ಯೂಸಿಯಂ ಸೈಟಿನಲ್ಲಿ ಅದು ಮೊದಲ ದಿನ. ಬೇಸಿಗೆಯಲ್ಲಿ ಆರ್ಕಿಟೆಕ್ಟ್ ಮೆರ್ಲಿನ್ ಹೊಳೆಯಾಚೆಯ ಅವನ ಊರು ಬೆಂಗ್ರೆಗೆ ಬಂದಿದ್ದಳು. ದಂಡೆಯಲ್ಲಿ ಕವುಚಿ ಹಾಕಿದ್ದ ದೋಣಿಯ ಮೈಮೇಲೆ ಕೈಯಾಡಿಸಿ, "ನಮ್ಮ ಹೊಸ ಕಟ್ಟಡಕ್ಕೆ ಕೊಡಿ, ಅಲ್ಲಿ ಇನ್ನೂ ನೂರು ವರ್ಷ ಬಾಳ್ತದೆ" ಅಂದಿದ್ದಳು. ದೋಣಿ ಹಳೆಯದಾಗಿತ್ತು, ನೀರು ಕುಡಿಯುತ್ತಿತ್ತು. ಒಡೆದು ಸೌದೆ ಮಾಡಲು ಪೂವಪ್ಪನಿಗೆ ಮನಸ್ಸಿರಲಿಲ್ಲ. ಮ್ಯೂಸಿಯಂ ಅಂದರೆ ಸಾಮಾನುಗಳನ್ನು ಗಾಜಿನ ಆಚೆ ಇಟ್ಟು, ಮುಟ್ಟಬೇಡಿ ಎಂದು ಬರೆಯುವ ಜಾಗ. ಅವನಿಗೆ ಗೊತ್ತಿದ್ದದ್ದು ಅಷ್ಟೇ. ಬಿಟ್ಟಿಯಾಗಿಯೇ ಕೊಟ್ಟ. ಹೆಂಡತಿ ಅಕ್ಕು ಮೂತಿಗೆ ಮಲ್ಲಿಗೆ ಸುತ್ತಿದ್ದಳು.

ಈಗ ಅದು ಸೀಳಿದ ಹಲಗೆಗಳಾಗಿ ಶೆಡ್ಡಿನಲ್ಲಿ ರಾಶಿ ಬಿದ್ದಿತ್ತು.

ಮೆರ್ಲಿನ್ ಬಂದವಳು ಅವನು ಕೈ ನಿಲ್ಲಿಸಿದ್ದಕ್ಕೆ ಸಿಟ್ಟಾಗಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನಕ್ಷೆ ಬಿಡಿಸಿದಳು.

"ನೋಡಿ ಪೂವಪ್ಪಣ್ಣ, ಇದಕ್ಕೆ ಒಂದೇ ಒಂದು ಹೊಸ ಮರ ಕಡಿಯಲಿಲ್ಲ. ಎಲ್ಲ ಹಳೆಯದ್ದೇ. ಎದುರಲ್ಲಿ ಗೇಟಿಲ್ಲ, ಮೆಟ್ಟಿಲಿಲ್ಲ, ಉದ್ದಕ್ಕೆ ರ‍್ಯಾಂಪ್. ಯಾರು ಬೇಕಾದ್ರೂ ಬರ್ಬಹುದು. ಅದಕ್ಕೆ ಹಾಸೂದು ಈ ಹಲಗೆಗಳನ್ನೇ, ನಿಮ್ಮ ದೋಣಿ ಹತ್ತಿಯೇ ಒಳಗೆ ಬರೂದು. ಚಂದ ಅಲ್ವಾ?"

"ಚಪ್ಪಲಿ ಹಾಕಿಯಾ ಮೇಡಂ?"

"ಎಂತ ಆಗೂದಿಲ್ಲ. ಪಾಲಿಶ್ ಉಂಟು."

ಆ ದೋಣಿಯನ್ನು ಚಪ್ಪಲಿ ಹಾಕಿ ಯಾರೂ ಹತ್ತಿರಲಿಲ್ಲ. ದಡದಲ್ಲೇ ಬಿಟ್ಟು, ಮೂತಿ ಮುಟ್ಟಿ ಕಣ್ಣಿಗೊತ್ತಿಕೊಂಡು ಕಾಲಿಡಬೇಕು. ಮೀನಿನ ದಲ್ಲಾಳಿಗೂ ಅದೇ ಕಟ್ಟಳೆ. ಪೂವಪ್ಪ ಹೇಳಲು ಬಾಯಿ ತೆರೆದ. ಮೆರ್ಲಿನ್‌ಗೆ ಫೋನ್ ಬಂತು.

ಸಂಜೆ ಅಕ್ಕು ಕೇಳಿದಳು: "ಎಲ್ಲಿ ಇಟ್ಟಿದ್ದಾರೆ ಮಾರಾಯ್ರೇ? ಗಾಜಿನ ಒಳಗಾ?"

"ಎಲ್ಲರಿಗೂ ಕಾಣುವ ಜಾಗದಲ್ಲಿ."

"ಮಳೆನೀರು ಬೀಳೂದಿಲ್ಲ ಅಲ್ವಾ?"

"ಇಲ್ಲ ಮಾರಾಯ್ತಿ. ಊಟ ಬಡಿಸು."

ಮಳೆಗಾಲ ಮುಗಿದು ಉದ್ಘಾಟನೆಯ ದಿನ ಬಂತು. ರ‍್ಯಾಂಪಿನ ಬುಡದಲ್ಲಿ 'ಎಲ್ಲರಿಗೂ ಸ್ವಾಗತ' ಎಂಬ ಬೋರ್ಡು. ಗೌರವ್ ಬೆಳಗ್ಗೆಯೇ ಕೂಗಿದ್ದ: "ಲೇಬರ್ ಎಲ್ಲ ಹಿಂದಿನ ಗೇಟಲ್ಲಿ ಹೋಗಿ. ಒಬ್ಬನ ಮೋರೆಯೂ ಕಾಣ್ಬಾರ್ದು."

ಪೂವಪ್ಪ ಕೊನೆಯ ಸಲ ರ‍್ಯಾಂಪ್ ಒರೆಸುತ್ತಿದ್ದಾಗ ಅಕ್ಕುವಿನ ಸ್ವರ ಕೇಳಿಸಿತು. ಯಾರಿಗೂ ಹೇಳದೆ ಫೆರಿ ಹತ್ತಿ ಬಂದಿದ್ದಳು. ಮದುವೆ ಮನೆಗೆ ಉಡುವ ಸೀರೆ, ಕೈಯಲ್ಲಿ ಬಾಳೆಲೆಯ ಕಟ್ಟು.

"ಮೀನಿನವರು ಆ ಕಡೆ" ಅಂದ ವಾಚ್‌ಮನ್.

"ಮೀನು ಎಲ್ಲಿ ಉಂಟು ಮಾರಾಯ? ಇದು ಮಲ್ಲಿಗೆ. ಮೀನು ನಿನ್ನ ಮೂಗಿನಲ್ಲೇ ಇರ್ಬೇಕು." ಅವನನ್ನು ದಾಟಿ ಬಂದಳು. "ಎಲ್ಲಿ ಉಂಟು ದೋಣಿ?"

ಪೂವಪ್ಪನ ಕಣ್ಣು ಕಾಲಬುಡಕ್ಕೆ ಹೋಯಿತು. ಅಕ್ಕು ಅಲ್ಲಿಗೇ ನೋಡಿದಳು. ಮೊಳೆಯ ತೂತುಗಳ ಸಾಲು. ಎಷ್ಟು ತಿಕ್ಕಿದರೂ ಹೋಗದೆ ಪಾಲಿಶಿನ ಅಡಿಯಲ್ಲಿ ಉಳಿದ ಕೆಂಪು.

ಅವಳು ಅಳಲಿಲ್ಲ. ಚಪ್ಪಲಿ ಕಳಚಿ ಬದಿಗಿಟ್ಟಳು. ಬಗ್ಗಿ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮಲ್ಲಿಗೆಯನ್ನು ಕೆಂಪಿನ ಮೇಲೆ ಅಡ್ಡ ಇಟ್ಟಳು.

"ಇದನ್ನು ತಿಕ್ಕಿದ್ದು ಯಾರು? ನೀವಾ?"

ಕಾರುಗಳು ಬಂದು ನಿಂತವು. ಪೂವಪ್ಪ ತನ್ನ ಚಪ್ಪಲಿಯನ್ನು ಅವಳದರ ಪಕ್ಕ ಬಿಟ್ಟ. ಹೂವಿನ ಹಿಂದೆ, ಹಲಗೆಗೆ ಅಂಗೈ ಊರಿ, ದಾರಿಗೆ ಅಡ್ಡವಾಗಿ ಕೂತ. ಅಕ್ಕುವೂ ಕೂತಳು.

ಗೌರವ್ ಓಡಿ ಬಂದ. "ಏಳಾ ರಂಡೆಮಗನೇ! ಕೆಲಸ ಬೇಡ್ವಾ ನಿಂಗೆ?"

ಪೂವಪ್ಪ ಅವನತ್ತ ನೋಡಲಿಲ್ಲ. ಬೊಕೆ ಹಿಡಿದು ಮೇಲೆ ಬರುತ್ತಿದ್ದ ದೊಡ್ಡವರಿಗೆ, ದಡದಲ್ಲಿ ನಿಂತವರಿಗೆ ಹೇಳುವ ಹಾಗೆ ಹೇಳಿದ: "ಚಪ್ಪಲಿ ತೆಗೀರಿ."

ಮಿರುಗುವ ಬೂಟುಗಳು ಹೂವಿನ ಆಚೆ ನಿಂತವು. ಯಾರೋ ನಕ್ಕರು. ಮೆರ್ಲಿನ್ ನಗಲಿಲ್ಲ, ಮುಂದೆಯೂ ಬರಲಿಲ್ಲ. ಗೌರವ್ ಅವನನ್ನು ಎಬ್ಬಿಸಲು ಬಗ್ಗುವವನ ಹಾಗೆ ಮಾಡಿ, ಬೂಟನ್ನು ಪೂವಪ್ಪನ ಬೆರಳುಗಳ ಮೇಲಿಟ್ಟು ಭಾರ ಬಿಟ್ಟ.

"ನೀವು ಸಹ ತೆಗೀರಿ" ಅಂದ ಪೂವಪ್ಪ. ಕೈ ಎಳೆದುಕೊಳ್ಳಲಿಲ್ಲ.