ಹನ್ನೊಂದು ಸೆಕೆಂಡು

"ಆ ಕಡಿ ಇನ್ನೊಂದು ಪಾದ ಬರಬೇಕು, ಕೆತ್ತು," ಎಂದು ಸಮಾಧಿಯ ಗುಂಡಿಯೊಳಗಿನ ಆಳಿಗೆ ಹೇಳಿ, ಪಕೀರಪ್ಪ ಕೈಯಲ್ಲಿದ್ದ ದಾರವನ್ನು ಮತ್ತೆ ನೆಲದ ಮೇಲೆ ಎಳೆದು ಹಿಡಿದ. ಬೆಳಿಗ್ಗೆ ಉಮಾಪತಿಯವರ ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಅಳೆದು, ಅಂಥ ಒಂಬತ್ತು ಪಾದಕ್ಕೆ ಗಂಟು ಹಾಕಿ ತಂದ ದಾರ ಅದು. ಸತ್ತವರ ಪಾದದ ಅಳತೆಯಲ್ಲೇ ಒಂಬತ್ತು ಪಾದ ಉದ್ದ, ಐದು ಪಾದ ಅಗಲ. ಕುಕನೂರಿನ ಹೊರಗಿನ ಈ ಎರೆಹೊಲದಲ್ಲಿ ಅವರ ತಂದೆಯನ್ನೂ ಹೀಗೇ ಅಳೆದು ಕೂರಿಸಿದ್ದರು.

"ಬಿಗಿ ಹಿಡಿಯಪಾ ಕಲ್ಲೇಶ. ಮೂವತ್ನಾಕು ವರ್ಷ ಮಂದಿ ಹೊಲ ಅಳದ ಮನುಷ್ಯಾ. ನಮ್ಮ ಅಳತಿ ತಪ್ಪಬಾರದು."

ದಾರದ ಇನ್ನೊಂದು ತುದಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ ಕಲ್ಲೇಶನಿಗೆ ಬಜಾರದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಅವನು ಈಗ ಕೇಳಿದ:

"ಹುಸೇನಬಾಷಾ ಚಾಚಾಗ ಯಾರರ ಹೇಳ್ಯಾರೇನ್ರಿ?"

"ಟೇಲರ್ ಬಾಷಾಗ? ಅವ್ರಿಬ್ರೂ ಮಾತು ಬಿಟ್ಟು ಏಳು ತಿಂಗಳಾತಲ್ಲೋ. ಯಾರು ಹೇಳ್ತಾರ?"

ಕಲ್ಲೇಶ ದಾರದ ತುದಿಯ ಮೇಲೆ ಒಂದು ಕಲ್ಲಿಟ್ಟು ಎದ್ದ. ಬದುವಿನ ಮೇಲೆ ನಿಲ್ಲಿಸಿದ್ದ ಬೈಕ್ ಹತ್ತಿ ಊರ ಕಡೆ ತಿರುಗಿಸಿದ.

*

ಸರ್ವೇ ಇಲಾಖೆಯಿಂದ ನಿವೃತ್ತರಾದ ವರ್ಷ ಉಮಾಪತಿ ಮೊಬೈಲಿಗೆ ಹೊಸ ಗಾಜು ಹಾಕಿಸಲು ಕಲ್ಲೇಶನ ಅಂಗಡಿಗೆ ಹೋಗಿದ್ದರು. ಅವನು ಮೊಬೈಲಿನಲ್ಲಿ ಕೋಟೆ ಕಾಳಗದ ಆಟ ಆಡುತ್ತಿದ್ದ. ಈ ಕಡೆ ಮೂವರು, ಆ ಕಡೆ ಮೂವರು. ಒಬ್ಬೊಬ್ಬರಿಗೆ ಒಂದೊಂದು ದಂಡು. ಅರ್ಧ ಗಂಟೆಯೊಳಗೆ ಎದುರಾಳಿಯ ಕೋಟೆ ಹಿಡಿಯಬೇಕು. ಕಲ್ಲೇಶನ ಜೊತೆ ಆಡಲು ಬಸ್ ನಿಲ್ದಾಣದ ಎದುರಿನ ದರ್ಜಿ ಹುಸೇನಬಾಷಾ ಇದ್ದ. ಮೂರನೆಯವರು ಬೇಕಾಗಿತ್ತು. ಮನೆಯಲ್ಲಿ ಕೂತು ಬೇಸತ್ತಿದ್ದ ಉಮಾಪತಿ ಒಪ್ಪಿದರು.

ಮೊದಲ ಹನ್ನೆರಡು ಕಾಳಗ ಸತತವಾಗಿ ಸೋತರು. ಉಳಿದಿಬ್ಬರು ನಕ್ಕು ಮುಂದಿನ ಆಟಕ್ಕೆ ಕೂತರು. ಉಮಾಪತಿಯವರಿಗೆ ಅದು ಆಗಲಿಲ್ಲ. ಆಡಿದ ಕಾಳಗ ಮೊಬೈಲಿನಲ್ಲಿ ಉಳಿಯುತ್ತದೆ, ಮತ್ತೆ ನೋಡಬಹುದು ಎಂದು ತಿಳಿದ ದಿನವೇ ಹಳೆಯ ಗ್ರಾಫ್ ಕಾಗದ ತೆಗೆದರು. ಹತ್ತು ಸೆಕೆಂಡಿಗೊಮ್ಮೆ ನಿಲ್ಲಿಸುವುದು, ಯಾರ ದಂಡು ಎಲ್ಲಿದೆ ಎಂದು ಗುರುತು ಹಾಕುವುದು. ತಮ್ಮವರಿಗೆ ಕೆಂಪು ಪೆನ್ಸಿಲ್, ಎದುರಿನವರಿಗೆ ನೀಲಿ. ಭಾನುವಾರ ಆ ನಕಾಶೆಯನ್ನು ಬಾಷಾನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಾಸುತ್ತಿದ್ದರು.

"ಇಲ್ಲಿ, ಕಡೀಗೆ ಸೋತ್ವಿ ಅಂತ ತಿಳದಿದ್ವಿ ನಾವು. ಅಲ್ಲ. ನಾಕನೇ ನಿಮಿಷದಾಗ ಸೋತೀವಿ. ಉಳದ ಇಪ್ಪತ್ತಾರು ನಿಮಿಷ ನಮಗ ಸುದ್ದಿ ಮುಟ್ಟಿರಲಿಲ್ಲ, ಅಷ್ಟ."

ಬಾಷಾ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ನಗುತ್ತಿದ್ದ. "ಸಾಹೇಬ್ರ, ಹರಿದ ಮ್ಯಾಲೆ ಹೊಲಿಗಿ ಎಲ್ಲಿ ಬಿಚ್ಚಿತ್ತು ಅಂತ ಹುಡುಕಿದಂಗ ಆತು ಇದು."

ನಿಧಾನವಾಗಿ ಗೆಲ್ಲತೊಡಗಿದರು. ಗಂಗಾವತಿಯಲ್ಲಿ ಹದಿನೆಂಟು ತಂಡಗಳ ಪಂದ್ಯ ನಡೆದಾಗ, ಕಾಲೇಜು ಹುಡುಗರ ನಡುವೆ ಈ ಮೂವರು ಕೊನೆಯ ಸುತ್ತಿಗೆ ಬಂದರು. ಎದುರಿಗೆ ಶ್ರೀರಾಮನಗರದ ತಂಡ. ಉಮಾಪತಿ ಪೂರ್ವದ ಬಾಗಿಲಲ್ಲಿ ಬಾವುಟ ಏರಿಸಿದ ಕೂಡಲೇ ಬಾಷಾನ ಕುದುರೆಗಳು ಉತ್ತರದ ಬಾಗಿಲಿಗೆ ನುಗ್ಗಬೇಕು ಎಂದು ಮಾತಾಗಿತ್ತು. ಕುದುರೆಗಳು ಮುಟ್ಟುವ ಹೊತ್ತಿಗೆ, ಸ್ವಲ್ಪ ಹೊತ್ತು ತೆರೆದಿದ್ದ ಬಾಗಿಲು ಮುಚ್ಚಿತ್ತು; ಪಂದ್ಯ ಸೋತರು.

ಮುಂದಿನ ಭಾನುವಾರ ನಕಾಶೆ ಮೇಜಿನ ಮೇಲೆ ಬಂತು. ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು.

"ಹನ್ನೊಂದು ಸೆಕೆಂಡು," ಎಂದರು ಉಮಾಪತಿ, ಪೆನ್ಸಿಲ್ ಕುಟ್ಟುತ್ತ. "ಹನ್ನೊಂದು ಸೆಕೆಂಡು ತಡಾ ಮಾಡಿದಿ ನೀ. ನಿನ್ನ ಕೈ ಕತ್ತರಿಗೆ ಛಲೋ ಬಾಷಾ, ಕಾಳಗಕ್ಕಲ್ಲ."

ಬಾಷಾ ನಕಾಶೆಯನ್ನು ಬಟ್ಟೆ ಮಡಿಸಿದಂತೆ ನೀಟಾಗಿ ಮಡಿಸಿ ಅವರ ಕೈಗಿಟ್ಟ. "ನಕಾಶಿ ಬರದವ್ರು ನೀವು, ಸಾಹೇಬ್ರ. ಅದು ನಿಮ್ಮ ಮಾತ ಕೇಳ್ತೈತಿ." ಆಮೇಲೆ ಗಿರಾಕಿಯ ಕಡೆ ತಿರುಗಿ ತೋಳಿನ ಅಳತೆ ತೆಗೆದುಕೊಳ್ಳತೊಡಗಿದ.

*

ಬಾಷಾನ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಕಲ್ಲೇಶ ಬಗ್ಗಿ ನೋಡಿದ. ಬಾಷಾ ಒಗೆದ ಬಿಳಿ ಜುಬ್ಬಾ ಹಾಕಿಕೊಂಡು ಮಷಿನಿನ ಮುಂದೆ ಸುಮ್ಮನೆ ಕೂತಿದ್ದ.

"ಸುದ್ದಿ ಗೊತ್ತೈತೇನು ಚಾಚಾ?"

"ನಿನ್ನಿ ಸಂಜಿಗೇ ಗೊತ್ತಾತು. ಕುರ್ಚಿ ಮ್ಯಾಲೆ ಕುಂತಂಗ ಹೋದ್ರಂತ."

"ಮತ್ತ ಇಲ್ಲ್ಯಾಕ ಕುಂತೀರಿ? ನಡೀರಿ."

"ಜುಬ್ಬಾ ಹಾಕ್ಕೊಂಡು ಎರಡು ತಾಸಾತು. ಬಾಗಲಾ ದಾಟಾಕ ಆಗವಲ್ದು. ಅವ್ರು ಇದ್ದಾಗ ಹೋಗಲಿಲ್ಲ, ಈಗ ಯಾವ ಮಾರಿ ಹೊತ್ಕೊಂಡು ಹೋಗ್ಲಿ?"

ಕಲ್ಲೇಶ ಶಟರನ್ನು ಪೂರ್ತಿ ಮೇಲಕ್ಕೆ ಎತ್ತಿ, ಬೈಕ್ ಚಾಲೂ ಮಾಡಿ ಕಾಯುತ್ತ ನಿಂತ. ಸ್ವಲ್ಪ ಹೊತ್ತಿಗೆ ಬಾಷಾ ಬಂದು ಹಿಂದೆ ಕೂತ.

ಮನೆಯ ಪಡಸಾಲೆಯಲ್ಲಿ ಉಮಾಪತಿಯವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವು. ಮೂಲೆಯಲ್ಲಿ ಭಜನೆಯವರು ತಾಳ ತಟ್ಟುತ್ತಿದ್ದರು. ಬಾಷಾ ಒಳಗೆ ಬರದೆ ಅಂಗಳದ ಶಾಮಿಯಾನಾದ ಕಂಬದ ಬಳಿ ನಿಂತುಬಿಟ್ಟ. ಹೆಂಗಸರ ನಡುವೆ ಕೂತಿದ್ದ ಶಾಂಭವಿ ಗಂಡನ ಕಡೆಯಿಂದ ಕಣ್ಣು ತೆಗೆದು ಅವನನ್ನು ನೋಡಿದರು. ಎದ್ದರು. ಅತ್ತಿಗೆ ಕೈ ಹಿಡಿದು "ಎಲ್ಲಿಗವ್ವಾ?" ಎಂದರೆ, "ಬಂದೆ ಇರ್ರಿ," ಎಂದು ಒಳಕೋಣೆಗೆ ಹೋಗಿ, ಸುತ್ತಿದ ಕಾಗದವೊಂದನ್ನು ತಂದು ಬಾಷಾನ ಮುಂದೆ ಹಿಡಿದರು.

"ಇದು ನಿಮ್ದು, ಅಣ್ಣಾರ. ಅವ್ರು ಕೊಡಬೇಕಂತ ಇಟ್ಟಿದ್ರು."

*

ನಾಲ್ಕು ತಿಂಗಳ ಹಿಂದೆ ಒಂದು ಮಧ್ಯಾಹ್ನ ಶಾಂಭವಿ ಅಕ್ಕಿ ಆರಿಸುತ್ತಿದ್ದರು. ಪಕ್ಕದಲ್ಲಿ ಉಮಾಪತಿ ಆ ಗಂಗಾವತಿಯ ಕಾಳಗವನ್ನೇ ಎಷ್ಟನೆಯ ಸಲವೋ ನೋಡುತ್ತಿದ್ದರು.

"ಬಾವುಟದ ಬುಡಕ್ಕಿದ್ದ ಮಂದಿ ಯಾಕ ಹಿಂದಕ್ಕ ಹೊಂಟ್ರು?" ಎಂದು ಶಾಂಭವಿ ಸುಮ್ಮನೆ ಕೇಳಿದರು.

"ಯಾರು?"

"ಈ ಕಡಿ ನೋಡ್ರಿ. ಯಾರ ಮಂದಿ ಅವ್ರು?"

ಉಮಾಪತಿ ನಿಲ್ಲಿಸಿ ಹಿಂದಕ್ಕೆ ಸರಿಸಿದರು. ಅದು ಅವರದೇ ದಂಡು. ತಮ್ಮ ಬಿಡಾರಕ್ಕೆ ಬೆಂಕಿ ಬಿದ್ದಿತೆಂದು ಅವರೇ ಇಪ್ಪತ್ತು ಮಂದಿಯನ್ನು ಹಿಂದಕ್ಕೆ ಕರೆಸಿಕೊಂಡಿದ್ದರು. ಬಾವುಟ ಏರಿಸಲು ಕೈ ಸಾಲದೆ ತಡವಾಗಿತ್ತು. ಅಷ್ಟು ಸಲ ನೋಡುವಾಗ ಅವರ ಕಣ್ಣು ಉತ್ತರದ ಬಾಗಿಲನ್ನು ಬಿಟ್ಟು ಕದಲಿರಲಿಲ್ಲ. ಸೆಕೆಂಡುಗಳನ್ನು ಎಣಿಸಿದರು. ಹನ್ನೊಂದು. ಬಾಷಾನ ಕುದುರೆಗಳು ಮಾತಿನಂತೆ ಬಾವುಟಕ್ಕಾಗಿ ಕಾದು, ಅದು ಏರಿದ ಕ್ಷಣವೇ ಹೊರಟಿದ್ದವು.

ಅವತ್ತು ಅವರು ಊಟ ಮಾಡಲಿಲ್ಲ. ಮರುದಿನ ಹೊಸ ಕಾಗದ ತೆಗೆದರು.

*

ಬಾಷಾ ಕಾಗದ ಬಿಚ್ಚಿದ. ಪೂರ್ವದ ಬಾಗಿಲ ಬಳಿ ಕೆಂಪು ಪೆನ್ಸಿಲ್ಲಿನಲ್ಲಿ ಒಂದು ವೃತ್ತ, ಅದರ ಪಕ್ಕದಲ್ಲಿ ಸರ್ವೇಯರರ ದುಂಡನೆಯ ಅಕ್ಷರ: "ತಪ್ಪು ಇಲ್ಲಿ. ಉಮಾಪತಿಯದು." ಕೆಳಗೆ ಸಹಿ, ತಾರೀಕು.

"ಪ್ರತಿ ಭಾನುವಾರ ಇದನ್ನ ಬಗಲಾಗ ಇಟ್ಕೊಂಡು ಬಸ್ ಸ್ಟ್ಯಾಂಡಿಗೆ ಹೋಗೋರು," ಎಂದರು ಶಾಂಭವಿ. "ಕೊಟ್ರೇನು ಅಂದ್ರ, ಇವತ್ತ ಅಂಗಡ್ಯಾಗ ಮಂದಿ ಇದ್ರು ಅನ್ನೋರು. ಚಹಾ ಕುಡದು ತಿರುಗಿ ಬರೋರು."

"ನೋಡೀನ್ರಿ ಅಕ್ಕಾರ." ಬಾಷಾನ ದನಿ ಸಣ್ಣದಾಗಿತ್ತು. "ಚಹಾದಂಗಡಿ ನಮ್ಮ ಅಂಗಡಿ ಎದುರಿಗೇ ಐತಿ. ಬಗಲಾಗ ಕಾಗದಾ ಇರೋದೂ ಕಾಣಸ್ತಿತ್ತು. ತಾವ ಬರ್ಲಿ ಅಂತ ನಾ ಮಷಿನ್ ತುಳೀತಿದ್ದೆ. ಒಂದು ಸಲ ಬರ್ರಿ ಅಂದಿದ್ರ ಬರತಿದ್ರು."

ಶಾಂಭವಿ ಕೈಯಲ್ಲಿದ್ದ ಬಿಲ್ವಪತ್ರೆಯಲ್ಲಿ ಒಂದೆಸಳು ಅವನಿಗೆ ಕೊಟ್ಟು, ಪಡಸಾಲೆಯ ಕಡೆ ದಾರಿ ಬಿಟ್ಟು ನಿಂತರು. ಬಾಷಾ ಚಪ್ಪಲಿ ಕಳಚಿ ಒಳಗೆ ಹೋದ.

ಎರಡು ಗಂಟೆಗೆ ಶವ ಕೂರಿಸಿದ ವಿಮಾನವನ್ನು ಹೆಗಲ ಮೇಲೆ ಎತ್ತಿದರು. ಹೊಲದಲ್ಲಿ ಅಯ್ಯನವರು ಮಂತ್ರ ಹೇಳಿ, ಗುಂಡಿಯೊಳಗೆ ಕೊರೆದ ಗೂಡಿನಲ್ಲಿ ಕೂರಿಸಿ, ವಿಭೂತಿ ಪತ್ರೆ ಹಾಕಿಸಿದರು. ಎಲ್ಲರೂ ಮೂರು ಹಿಡಿ ಮಣ್ಣು ಹಾಕಿದರು, ಬಾಷಾನೂ ಹಾಕಿದ. ಬೋರ್‌ವೆಲ್ಲಿನ ನೀರಿನಲ್ಲಿ ಕೈಕಾಲು ತೊಳೆದು ಮಂದಿ ಟ್ರ್ಯಾಕ್ಟರ್ ಹತ್ತತೊಡಗಿದರು. ಬಾಷಾ ಮಾತ್ರ ಬದುವಿನ ಮೇಲೆ ಕೂತು ಮೊಣಕಾಲ ಮುಂದೆ ನಕಾಶೆ ಹಾಸಿಕೊಂಡ. ಕಲ್ಲೇಶ ಬಂದು ಪಕ್ಕದಲ್ಲಿ ಕೂತ.

ಬಾಷಾ ಮೊದಲನೆಯ ನಿಮಿಷದಿಂದ ಬೆರಳಿಟ್ಟು ನೋಡುತ್ತ ಬಂದ. ಉತ್ತರದ ಬಾಗಿಲಿನ ಬಳಿ ಬೆರಳು ನಿಂತಿತು.

"ಪೆನ್ನು ಐತೇನು?"

ಕಲ್ಲೇಶ ಕಿಸೆಯಿಂದ ತೆಗೆದು ಕೊಟ್ಟ.

"ಇಲ್ಲಿ ನೋಡು. ಬಾವುಟ ತಡಾ ಆಗಿದ್ದು ಖರೇ. ಆದ್ರ ಬಾಗಲಾ ತೆರದದ್ದು ನನಗ ಕಾಣಸ್ತಿತ್ತು. ಯಾಕ ನಿಂತೆ? ಹೋಗಬಹುದಿತ್ತಲ್ಲ."

ಗಾಳಿಗೆ ಕಾಗದದ ಮೂಲೆ ಮೇಲೆದ್ದಿತು. ಕಲ್ಲೇಶ ಹೊಸ ಮಣ್ಣಿನ ಹೆಂಟೆಯೊಂದನ್ನು ತಂದು ಅದರ ಮೇಲಿಟ್ಟ. ಟ್ರ್ಯಾಕ್ಟರಿನಿಂದ ಯಾರೋ ಇವರನ್ನು ಕೂಗಿದರು. ಬಾಷಾ ತಲೆ ಎತ್ತಲಿಲ್ಲ. ತನ್ನ ಕುದುರೆಗಳು ಕಾದು ನಿಂತ ಜಾಗದ ಸುತ್ತ, ನಿಧಾನವಾಗಿ ಒಂದು ವೃತ್ತ ಎಳೆಯುತ್ತಿದ್ದ.